ಡಾರ್ವಿನ್ ಮನೆಗೆ ಹೋಗುವವರು ಮೊದಲು ಶೂ ನೋಡಿಕೊಳ್ಳಿ

ಲಂಡನ್‌ನಲ್ಲಿರುವ ತಮ್ಮನ ಮನೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅರಮನೆ, ಗಡಿಯಾರ, ಸೇತುವೆ ಎಲ್ಲ ನೋಡಿ ಮುಗಿದ ಮೇಲೆ ಒಂದು ಶನಿವಾರ ಉಳಿಯಿತು. "ಇನ್ನು ಜನಜಂಗುಳಿ ಬೇಡ ಕಣೋ, ಮರಗಿಡ ಇರೋ ಕಡೆ ಹೋಗೋಣ" ಅಂದಳು ಅಮ್ಮ. ಹಾಗೆ ಹೊರಟಿದ್ದು ಚಾರ್ಲ್ಸ್ ಡಾರ್ವಿನ್ ಮನೆಗೆ. 1842ರಲ್ಲಿ ಬಂದವನು 1882ರಲ್ಲಿ ತೀರಿಕೊಳ್ಳುವ ತನಕ 40 ವರ್ಷ ಇದ್ದಿದ್ದು ಇಲ್ಲೇ. ವಿಕಾಸವಾದದ ಪುಸ್ತಕ ಬರೆದಿದ್ದೂ ಇಲ್ಲೇ.

ಊರು ಡೌನ್, ಮನೆಯ ಹೆಸರೂ ಡೌನ್ ಹೌಸ್. ಆದರೆ ಇಂಗ್ಲಿಷ್‌ನಲ್ಲಿ ಊರಿನ ಹೆಸರಿನ ಕೊನೆಗೆ 'ಇ' (e) ಇದೆ, ಮನೆ ಹೆಸರಿಗೆ ಇಲ್ಲ. ಫೋನಿನಲ್ಲಿ ಹುಡುಕುವಾಗ ಇದು ನೆನಪಿರಲಿ.

ಹೋಗುವುದು ಕಷ್ಟವಲ್ಲ. ಲಂಡನ್‌ನ ವಿಕ್ಟೋರಿಯಾ ಸ್ಟೇಷನ್ನಿನಿಂದ ಬ್ರಾಮ್ಲಿ ಸೌತ್‌ಗೆ ರೈಲು, ಅಲ್ಲಿಂದ 146ನೇ ನಂಬರ್ ಬಸ್. ಅದು ಊರಿನ ಚರ್ಚ್ ಹತ್ತಿರ ಇಳಿಸುತ್ತದೆ. ಅಲ್ಲಿಂದ ಮನೆಗೆ ನಡೆಯಬೇಕು. ಆರ್ಪಿಂಗ್ಟನ್ ಸ್ಟೇಷನ್ ಕಡೆಯಿಂದ ಬರುವ ಆರ್8 ಬಸ್ ಮನೆ ಹತ್ತಿರವೇ ಹೋಗುತ್ತದೆ. ಅಮ್ಮನ ಮಂಡಿ ನೋವಿಗೆ ಅದೇ ಅನುಕೂಲ ಅಂತ ನಾವು ಅದನ್ನೇ ಹಿಡಿದೆವು. ಭಾನುವಾರ ಅದು ಓಡುವುದಿಲ್ಲ. ಬಸ್ಸಿನಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕೇ ಬೇಕು.

ಮನೆ ನೋಡಿಕೊಳ್ಳುವುದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ. ಟಿಕೆಟ್ ಮೊದಲೇ ಆನ್‌ಲೈನಲ್ಲಿ ತೆಗೆದುಕೊಂಡರೆ ಸ್ವಲ್ಪ ಅಗ್ಗ. ಚಳಿಗಾಲದಲ್ಲಿ ವಾರದ ದಿನಗಳಲ್ಲಿ ಮುಚ್ಚಿರುತ್ತದೆ, ಆದ್ದರಿಂದ ದಿನಾಂಕ ನೋಡದೆ ಹೊರಡಬೇಡಿ.

ಒಳಗೆ ಹೋದ ತಕ್ಷಣ ಎಲ್ಲರೂ ರೂಮುಗಳ ಕಡೆ ನುಗ್ಗುತ್ತಾರೆ. ನನ್ನ ಮಾತು ಕೇಳಿ, ಮಳೆ ಇಲ್ಲದಿದ್ದರೆ ಮೊದಲು ತೋಟಕ್ಕೆ ಹೋಗಿ. ಮನೆ ಎಲ್ಲಿಗೂ ಓಡಿಹೋಗುವುದಿಲ್ಲ, ಅಲ್ಲಿನ ಬಿಸಿಲು ಹೋಗುತ್ತದೆ. ಹಿಂದಿನ ದಿನದ ಮಳೆಗೆ ದಾರಿ ಪಿಚಪಿಚ ಅನ್ನುತ್ತಿತ್ತು. ಅಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ನಡೆದಳು. ಅವಳಿಗೆ ಹೊರಡುವಾಗಲೇ ತಮ್ಮನ ಹೆಂಡತಿಯ ಶೂ ಹಾಕಿಸಿದ್ದು ಪುಣ್ಯ. ನಾನು ಚಪ್ಪಲಿಯಲ್ಲಿ ಹೋಗಿ ಪಟ್ಟ ಪಾಡು ಬೇಡ.

ತೋಟದ ತುದಿಗೆ 'ಸ್ಯಾಂಡ್‌ವಾಕ್' ಇದೆ. 1846ರಲ್ಲಿ ಪಕ್ಕದ ಜಮೀನ್ದಾರರಿಂದ ಒಂದೂವರೆ ಎಕರೆ ಗುತ್ತಿಗೆಗೆ ಪಡೆದು, ಗಿಡ ನೆಡಿಸಿ ಮಾಡಿಸಿದ ದಾರಿ. ಡಾರ್ವಿನ್ ದಿನಾ ಇಲ್ಲಿ ಸುತ್ತು ಹಾಕುತ್ತಾ ಯೋಚನೆ ಮಾಡುತ್ತಿದ್ದ. ಲೆಕ್ಕ ತಪ್ಪಬಾರದು ಅಂತ ತಿರುವಿನಲ್ಲಿ ಕಲ್ಲು ಗುಡ್ಡೆ ಹಾಕಿಕೊಂಡು, ಒಂದು ಸುತ್ತು ಮುಗಿದರೆ ಒಂದು ಕಲ್ಲನ್ನು ಪಕ್ಕಕ್ಕೆ ಒದೆಯುತ್ತಿದ್ದನಂತೆ. ಇದನ್ನು ಹೇಳಿದಾಗ ಅಮ್ಮ ನಿಂತುಬಿಟ್ಟಳು. "ನಾನು ಅರಳಿಕಟ್ಟೆ ಸುತ್ತುವಾಗ ಹುಣಸೆಬೀಜ ಇಡ್ತಿದ್ದೆ, ಇವನು ಕಲ್ಲು ಇಟ್ಟಿದ್ದಾನೆ ಅಷ್ಟೇ" ಅಂದಳು. ಆಮೇಲೆ ಮಂಡಿ ನೋವು ಮರೆತು ಎರಡು ಸುತ್ತು ಹಾಕಿದಳು.

ಹುಲ್ಲಿನಲ್ಲಿ ಬೀಸುವ ಕಲ್ಲಿನ ಹಾಗೆ, ನಡುವೆ ತೂತಿರುವ ಒಂದು ದುಂಡು ಕಲ್ಲು ಇದೆ. ಹೆಚ್ಚಿನವರು ಗಮನಿಸದೆ ದಾಟಿ ಹೋಗುತ್ತಾರೆ. ಎರೆಹುಳುಗಳು ಅಡಿಯ ಮಣ್ಣನ್ನು ಮೇಲಕ್ಕೆ ತಂದು ಹಾಕಿದಂತೆ ಕಲ್ಲು ನಿಧಾನಕ್ಕೆ ಕುಸಿಯುತ್ತದೆ. ಎಷ್ಟು ಕುಸಿಯಿತು ಅಂತ ಅಳೆಯಲು ನಡುವೆ ಲೋಹದ ಸರಳು. ವರ್ಷಕ್ಕೆ ಸುಮಾರು 2 ಮಿಲಿಮೀಟರ್! ಅಳೆಯುವ ಉಪಕರಣ ಮಾಡಿಕೊಟ್ಟಿದ್ದು ಮಗ ಹೊರೇಸ್. ಡಾರ್ವಿನ್‌ನ ಎರೆಹುಳು ಪುಸ್ತಕ 1881ರದು, ಸಾಯುವ ಹಿಂದಿನ ವರ್ಷದ್ದು. ಗಾಜಿನ ಮನೆಯಲ್ಲಿ ಹುಳ ಹಿಡಿಯುವ ಗಿಡಗಳು, ಆರ್ಕಿಡ್‌ಗಳು ಇವೆ. ಮಕ್ಕಳಿದ್ದರೆ ಅಲ್ಲಿಂದ ಎಬ್ಬಿಸುವುದು ಕಷ್ಟ.

ಮನೆಯೊಳಗೆ ಕೆಳಗಿನ ಮಹಡಿಯೇ ಮುಖ್ಯ. ಓದುವ ಕೋಣೆಯಲ್ಲಿ ಚಕ್ರ ಹಾಕಿಸಿದ ಕುರ್ಚಿ. ಮೇಜು ಬೇಡ ಅಂತ ಕುರ್ಚಿಯ ಕೈಗಳ ಮೇಲೆ ಹಲಗೆ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದ. ಕಿಟಕಿಯ ಹೊರಗೆ ಒಂದು ಕನ್ನಡಿ ಸಿಕ್ಕಿಸಿದ್ದನಂತೆ, ಬಾಗಿಲಿಗೆ ಯಾರು ಬಂದರು ಅಂತ ಒಳಗಿಂದಲೇ ನೋಡಲು. ಬೇಡದವರು ಬಂದರೆ ಏನು ಮಾಡುತ್ತಿದ್ದ ಅಂತ ಊಹಿಸಿಕೊಳ್ಳಿ! ಮೂಲೆಯಲ್ಲಿ ಮರೆ ಕಟ್ಟಿದ ಪುಟ್ಟ ಜಾಗ, ಸದಾ ಹೊಟ್ಟೆ ಕೆಡುತ್ತಿದ್ದವನಿಗೆ ತುರ್ತಿಗೆ. ಹೆಂಡತಿ ಎಮ್ಮಾ ಜೊತೆ ರಾತ್ರಿ ಬ್ಯಾಕ್‌ಗ್ಯಾಮನ್, ದಾಳ ಹಾಕಿ ಕಾಯಿ ನಡೆಸುವ ಆಟ. ಅವಳು ಗೆದ್ದಿದ್ದು 2490, ತಾನು 2795 ಅಂತ ಗೆಳೆಯನಿಗೆ ಪತ್ರದಲ್ಲಿ ಜಂಬ ಕೊಚ್ಚಿಕೊಂಡಿದ್ದಾನೆ. ಆಡಿಯೋ ಗೈಡ್ ಸಿಕ್ಕಿದರೆ ಬಿಡಬೇಡಿ, ಇಲ್ಲದಿದ್ದರೆ ಸುಮ್ನೆ ಹಳೇ ಮೇಜು ಕುರ್ಚಿ ನೋಡಿದಂತಾಗುತ್ತದೆ. ಮಹಡಿ ಮೇಲಿನ ಪ್ರದರ್ಶನದಲ್ಲಿ, ಡಾರ್ವಿನ್ ಹರೆಯದಲ್ಲಿ ಲೋಕ ಸುತ್ತಿದ ಬೀಗಲ್ ಹಡಗಿನ ಕೋಣೆಯ ಮಾದರಿ ಇದೆ. ಓದುವುದು ಜಾಸ್ತಿ, ಅಮ್ಮ ಬೇಗ ಸುಸ್ತಾದಳು.

ಟೀ ರೂಮಿನಲ್ಲಿ ಕೇಕ್, ಸ್ಕೋನ್, ಸ್ಯಾಂಡ್‌ವಿಚ್ ಇಂಥವು. ಚಹಾ ಚೆನ್ನಾಗಿತ್ತು. ಊಟ ಅಂತ ನಂಬಿಕೊಂಡು ಹೋಗಬೇಡಿ. ಶೌಚಾಲಯ ಅಲ್ಲೇ ಮುಗಿಸಿಕೊಳ್ಳಿ, ವಾಪಸ್ ದಾರಿಯಲ್ಲಿ ಬೇಕಾದಾಗ ಸಿಗುವುದಿಲ್ಲ.

ಕೊನೆಗೆ ನಾವು ಮಾಡಿದ ತಪ್ಪು. ವಾಪಸ್ ಬರುವಾಗ ರಸ್ತೆ ಬದಿ ನಿಂತಿದ್ದೆವು, ಬಸ್ ಬಂತು, ನಾನು ಸುಮ್ಮನೆ ನೋಡುತ್ತಿದ್ದೆ, ಬಸ್ ಹೋಗೇಬಿಟ್ಟಿತು. ಅಲ್ಲಿ ಕೈ ಅಡ್ಡ ಹಿಡಿಯಬೇಕು ಅಂತ ಆಮೇಲೆ ತಿಳಿಯಿತು. ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಿತ್ತು. ಹಾಗಾಗಿ 146 ಹಿಡಿಯಲು ಊರಿಗೆ ನಡೆದೆವು. ರಸ್ತೆ ಕಿರಿದು, ಎಲ್ಲ ಕಡೆ ಫುಟ್‌ಪಾತ್ ಇಲ್ಲ. ಕಾರು ಬಂದಾಗಲೆಲ್ಲ ಬೇಲಿಗೆ ಒರಗಿ ನಿಲ್ಲಬೇಕು.

ಚರ್ಚ್ ಅಂಗಳದಲ್ಲಿ ಎಮ್ಮಾ ಸಮಾಧಿ ಇದೆ. ಗಂಡನನ್ನು ಹೂಳಿದ್ದು ಲಂಡನ್‌ನ ದೊಡ್ಡ ಚರ್ಚ್ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ. "ಅಷ್ಟು ವರ್ಷ ಒಟ್ಟಿಗೆ ಆಟ ಆಡಿದವರನ್ನ ಬೇರೆ ಬೇರೆ ಮಲಗಿಸಿದ್ದಾರಲ್ಲೋ" ಅಂತ ಅಮ್ಮ ಗೊಣಗುತ್ತಿದ್ದಳು. ಅಷ್ಟರಲ್ಲಿ ಬಸ್ ಬಂತು. ಈ ಸಲ ಇಬ್ಬರೂ ಕೈ ಅಡ್ಡ ಹಿಡಿದೆವು.