ಕೋಟೆ ಎಲೆಯಾಟ: ಹೆಣದ ಕಣಿಯವ ಹದಕ್ಕೆ ಬಂದ

ಚಿತ್ರದುರ್ಗದ ಕೋಟೆ ಇಟ್ಟುಕೊಂಡು ನಾವು ಮಾಡುತ್ತಿರುವ ಎಲೆಯಾಟದಲ್ಲಿ (ಕಾರ್ಡ್ ಗೇಮ್) ಈ ವಾರ ನೆಕ್ರೊಮ್ಯಾನ್ಸರ್, ಅಂದರೆ ಸತ್ತವರನ್ನು ಎಬ್ಬಿಸುವ ಮಾಂತ್ರಿಕನ ಎಲೆ ಮುಗೀತು. ಏಳು ಸುತ್ತು, ಬುರುಜು, ಓಬವ್ವನ ಕಿಂಡಿ ಎಲ್ಲ ಹಿಂದೆಯೇ ಆಗಿದ್ದವು. ಇವನೊಬ್ಬ ಸತಾಯಿಸುತ್ತಿದ್ದ.

ವಿಡಿಯೊ ಗೇಮ್‌ಗಳಲ್ಲಿ ಇವನ ಕೆಲಸ ಅಸ್ಥಿಪಂಜರ ಎಬ್ಬಿಸಿ ಯುದ್ಧಕ್ಕೆ ಅಟ್ಟೋದು. 2000ದಲ್ಲಿ ಬಂದ ಡಯಾಬ್ಲೊ 2 ಆಡಿದವರಿಗೆ ಗೊತ್ತು. ನಮ್ಮಲ್ಲೂ ಹಾಗೇ ಇಟ್ಟಿದ್ದೆವು. ಆದರೆ ಸತ್ತ ಸೈನಿಕರೆಲ್ಲ ಎದ್ದು ಬಂದರೆ ಆಟ ಮುಗಿಯೋದು ಯಾವಾಗ?

ಪದದ ಬೇರು ಗ್ರೀಕ್. ನೆಕ್ರೋಸ್ ಅಂದರೆ ಹೆಣ, ಮಾಂತೇಯಾ ಅಂದರೆ ಕಣಿ. ಸತ್ತವರ ಬಾಯಲ್ಲಿ ಕಣಿ ಹೇಳಿಸುವವನು, ಅಷ್ಟೇ. ಸೈನ್ಯಗೀನ್ಯ ಆಮೇಲೆ ಸೇರಿದ್ದು. ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ನಾಯಕ ಒಡಿಸಿಯಸ್ ಮೊಳದಷ್ಟು ಗುಂಡಿ ತೋಡುತ್ತಾನೆ. ಜೇನು ಬೆರೆಸಿದ ಹಾಲು, ದ್ರಾಕ್ಷಾರಸ, ನೀರು ಸುರಿದು, ಮೇಲೆ ಜವೆಗೋಧಿ ಹಿಟ್ಟು ಉದುರಿಸಿ, ಕುರಿ ಕಡಿದು ರಕ್ತ ಬಿಡುತ್ತಾನೆ. ಅದನ್ನು ಕುಡಿದ ಮೇಲೇ ಸತ್ತ ಕಣಿಗಾರ ಟೈರೀಸಿಯಸ್ ಕಣಿ ನುಡಿಯೋದು. ಊರಿಗೆ ಹೋಗೋದು ಹೇಗೆ ಅಂತ ಕೇಳೋಕೆ ಇಷ್ಟೆಲ್ಲ! ಬೈಬಲ್ಲಿನಲ್ಲಿ ರಾಜ ಸೌಲನೂ ಯುದ್ಧದ ಹಿಂದಿನ ರಾತ್ರಿ ವೇಷ ಮರೆಸಿಕೊಂಡು ಹೋಗಿ, ಒಬ್ಬ ಹೆಂಗಸಿನಿಂದ ಸತ್ತ ಪ್ರವಾದಿ ಸಮುವೇಲನನ್ನು ಕರೆಸುತ್ತಾನೆ. ಮಧ್ಯಯುಗದಲ್ಲಿ ಈ ಪದ ಲ್ಯಾಟಿನ್ನಿನ 'ಕಪ್ಪು' ಜೊತೆ ಕಲೆತು, ಮಾಟಮಂತ್ರಕ್ಕೆಲ್ಲ ಇದೇ ಹೆಸರಾಯಿತು.

'ಬೇತಾಳ ಅಂತ ಹಾಕಲೇ, ಸಾಕು' ಅಂದ ಚಿತ್ರ ಬಿಡಿಸುವ ಗೆಳೆಯ. ಆದರೆ ಬೇತಾಳ ಹೆಣದೊಳಗೆ ಕೂರೋನು ಅಲ್ವಾ? ಹೆಣ ಹೊತ್ತು ತಾ ಅಂತ ವಿಕ್ರಮನನ್ನು ಕಳಿಸಿದ ಸನ್ಯಾಸಿ ಇದ್ದಾನಲ್ಲ, ಅವನೇ ನಮ್ಮವನಿಗೆ ಹತ್ತಿರದ ನೆಂಟ. ಕೊನೆಗೆ 'ಹೆಣದ ಕಣಿಯವ' ಅಂತಲೇ ಇಟ್ಟೆವು.

ಹೊಸ ನಿಯಮ ಹೀಗಿದೆ. ಸತ್ತ ಎಲೆಗಳ ರಾಶಿಯಿಂದ ಒಂದನ್ನು ಎತ್ತಿ ತೋರಿಸಿ, ಎದುರಾಳಿಗೆ ಅವನ ಕೈಯಲ್ಲಿರುವ ಎಲೆಗಳ ಬಗ್ಗೆ ಒಂದು ಪ್ರಶ್ನೆ ಕೇಳಬಹುದು. ಅವನು ಸುಳ್ಳು ಹೇಳುವಂತಿಲ್ಲ. ಬದಲಿಗೆ ಕೇಳಿದವನು ತನ್ನದೊಂದು ಎಲೆ ರಾಶಿಗೆ ಹಾಕಬೇಕು. ಅದೇ ರಕ್ತದ ಲೆಕ್ಕ. ಈಗ ಆಟಕ್ಕೆ ಕಳೆ ಬಂದಿದೆ. ಸಾಯಿಸುವ ಮುಂಚೆಯೂ ಯೋಚನೆ ಮಾಡಬೇಕು, ಯಾಕಂದ್ರೆ ಸತ್ತವನು ನಾಳೆ ಬಾಯಿ ಬಿಡಬಹುದು.

ದಾವಣಗೆರೆಯಲ್ಲೇ ದಪ್ಪ ಕಾರ್ಡಿನ (300 ಜಿಎಸ್‌ಎಂ) ಮೇಲೆ ಮಾದರಿ ಪ್ರಿಂಟ್ ಹಾಕಿಸಿದೆವು. ಕಪ್ಪು ಜಾಸ್ತಿಯಾಗಿ ಚಿತ್ರದಲ್ಲಿ ಗುಂಡಿ ಯಾವುದು, ಕಂಬಳಿ ಯಾವುದು ಗೊತ್ತಾಗುತ್ತಿಲ್ಲ. ಹಿನ್ನೆಲೆಯನ್ನು ಕೋಟೆ ಬಂಡೆಯ ಬೂದು ಬಣ್ಣಕ್ಕೆ ತಿರುಗಿಸಬೇಕು. ಲ್ಯಾಮಿನೇಶನ್ ಅಂತೂ ಬೇಕೇಬೇಕು. ನಮ್ಮೂರಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಲ್ಲದೆ ಯಾರೂ ಆಟಕ್ಕೆ ಕೂರಲ್ಲ.