ಬೈಬಲ್ ನಾಡಿಗೆ ಹೊರಡುವ ಮುನ್ನ ವಾರ ನೋಡಿಕೊಳ್ಳಿ

ನಕ್ಷೆಯಲ್ಲಿ ಬೈಬಲ್ ನಾಡು ಅಂಗೈಯಗಲ. ಜೆರುಸಲೇಮಿನಿಂದ ಬೆತ್ಲೆಹೇಮ್ ಸುಮಾರು 10 ಕಿ.ಮೀ., ಯೆರಿಕೋ 40ರೊಳಗೆ, ನಜರೇತ್ 150ರ ಆಸುಪಾಸು. ಆದರೂ ಹತ್ತು ದಿನ ಸುತ್ತಿ ಬಂದವರು ‘ಅದು ಮುಚ್ಚಿತ್ತು, ಇದಕ್ಕೆ ಹೊತ್ತು ಸಾಲಲಿಲ್ಲ’ ಅನ್ನುತ್ತಾರೆ. ಅಲ್ಲಿ ಮುಸ್ಲಿಮರಿಗೆ ಶುಕ್ರವಾರ, ಯಹೂದ್ಯರಿಗೆ ಶನಿವಾರ, ಕ್ರೈಸ್ತರಿಗೆ ಭಾನುವಾರ. ವಾರದಲ್ಲಿ ಮೂರು ದಿನ ಎಲ್ಲಾದರೂ ಒಂದು ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಟ್ರಾವೆಲ್ಸ್‌ನವರು ಕೊಡುವ ಪಟ್ಟಿಯಲ್ಲಿ ‘ಮೊದಲ ದಿನ, ಎರಡನೇ ದಿನ’ ಎಂದಷ್ಟೇ ಇರುತ್ತದೆ. ಮುಂಗಡ ಕೊಡುವ ಮೊದಲು ಅದರ ಪಕ್ಕದಲ್ಲಿ ವಾರವನ್ನು ಬರೆದು ನೋಡಿ.

ಶುಕ್ರವಾರ ಜೆರುಸಲೇಮಿನಲ್ಲಿದ್ದರೆ ಒಳ್ಳೆಯದು. ಮಧ್ಯಾಹ್ನ 3ಕ್ಕೆ, ಬೇಸಿಗೆಯಲ್ಲಾದರೆ 4ಕ್ಕೆ, ಫ್ರಾನ್ಸಿಸ್ಕನ್ ಸಭೆಯವರು ಯೇಸು ಶಿಲುಬೆ ಹೊತ್ತು ನಡೆದ ದಾರಿ ಎನ್ನುವ ವಿಯಾ ದೊಲೊರೋಸದ 14 ಸ್ಥಳಗಳ ಶಿಲುಬೆ ಹಾದಿ ನಡೆಸುತ್ತಾರೆ. ಯಾರು ಬೇಕಾದರೂ ಸೇರಬಹುದು. ಅದೇ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಯಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ ಶುರು. ಶನಿವಾರ ಕತ್ತಲಾಗುವವರೆಗೆ ಯಹೂದ್ಯ ಪ್ರದೇಶಗಳಲ್ಲಿ ಬಸ್ಸು, ಅಂಗಡಿ ಬಹುತೇಕ ಬಂದ್. ಯಹೂದ್ಯರು ಪ್ರಾರ್ಥಿಸುವ ಪಶ್ಚಿಮ ಗೋಡೆಯ ಬಳಿ ಆ ಹೊತ್ತಿನಲ್ಲಿ ಫೋಟೊ ತೆಗೆಯುವಂತಿಲ್ಲ, ಚೀಟಿ ಬರೆಯುವಂತಿಲ್ಲ. ಹಾಗಾಗಿ ಶನಿವಾರವನ್ನು ಬೆತ್ಲೆಹೇಮಿಗೋ ಯೆರಿಕೋಗೋ ಇಟ್ಟುಕೊಳ್ಳಿ. ಅಲ್ಲಿ ಸಬ್ಬತ್ತಿನ ತಾಪತ್ರಯವಿಲ್ಲ. ಜೆರುಸಲೇಮಿನಲ್ಲಿ ಅಲ್-ಅಕ್ಸಾ ಮಸೀದಿ ಇರುವ ದೇವಾಲಯದ ಗುಡ್ಡದ ಮೇಲಿನ ಆವರಣಕ್ಕೆ ಮುಸ್ಲಿಮೇತರರಿಗೆ ಪ್ರವೇಶ ಇರುವುದು ಭಾನುವಾರದಿಂದ ಗುರುವಾರದವರೆಗೆ ಮಾತ್ರ, ಅದೂ ಬೆಳಿಗ್ಗೆ ಕೆಲವು ಗಂಟೆ ಮತ್ತು ಮಧ್ಯಾಹ್ನ ಸ್ವಲ್ಪ ಹೊತ್ತು. ಅಲ್ಲಿಗೆ ಬೈಬಲ್ ಒಯ್ಯಬೇಡಿ, ತಪಾಸಣೆಯಲ್ಲೇ ತಡೆಯುತ್ತಾರೆ.

ಬಹಳಷ್ಟು ಚರ್ಚುಗಳು ಮಧ್ಯಾಹ್ನ 12ರಿಂದ 2ರವರೆಗೆ ಮುಚ್ಚುತ್ತವೆ. ಆ ಎರಡು ಗಂಟೆಯನ್ನು ಊಟಕ್ಕೂ ಬಸ್ಸಿನ ಓಡಾಟಕ್ಕೂ ಬಿಡಿ. ಯೇಸುವಿನ ಸಮಾಧಿ ಇರುವ ಪವಿತ್ರ ಸಮಾಧಿ ಚರ್ಚು ಮಾತ್ರ ನಸುಕಿನಲ್ಲೇ ತೆರೆಯುತ್ತದೆ. ಬೆಳಿಗ್ಗೆ ಆರಕ್ಕೆ ಹೋದವರಿಗೆ ಸಮಾಧಿ ಸುಲಭವಾಗಿ ಸಿಗುತ್ತದೆ, ಹತ್ತಕ್ಕೆ ಹೋದವರು ಸಾಲಿನಲ್ಲಿ ನಿಲ್ಲುತ್ತಾರೆ. ಅದರೊಳಗೇ ಇರುವ, ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾಗೆ ಹತ್ತುವ ಮೆಟ್ಟಿಲು ತೀರಾ ಕಡಿದು, ಮಂಡಿನೋವಿನವರ ಜೊತೆ ಒಬ್ಬರಿರಲಿ. ಗುಂಪಿನಲ್ಲಿ ಫಾದರ್ ಇದ್ದು ಬಲಿಪೂಜೆ ಅರ್ಪಿಸುವ ಆಸೆಯಿದ್ದರೆ ಅಲ್ಲಿ ಹೋಗಿ ಕೇಳಿದರೆ ಆಗದು. ಯಾವ ಚರ್ಚು, ಯಾವ ಗಂಟೆ ಎಂಬುದನ್ನು ಫ್ರಾನ್ಸಿಸ್ಕನ್ನರ ಬಳಿ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಎಲ್ಲೇ ಹೋದರೂ ಭುಜ, ಮೊಣಕಾಲು ಮುಚ್ಚಿರಲಿ. ನಮ್ಮ ಸೀರೆ, ಚೂಡಿದಾರಕ್ಕೆ ಯಾರದೂ ತಕರಾರಿಲ್ಲ. ಸಿಕ್ಕಿಬೀಳುವವರು ಚಡ್ಡಿ ಹಾಕಿದ ಗಂಡಸರು.

ನಮ್ಮ ಕಡೆಯ ಗುಂಪುಗಳು ಸಾಮಾನ್ಯವಾಗಿ ಜೋರ್ಡನ್, ಇಸ್ರೇಲ್, ಈಜಿಪ್ಟ್ ಮೂರನ್ನೂ ಸೇರಿಸುತ್ತವೆ. ಅಂದರೆ ಮೂರು ವೀಸಾ, ಎರಡು ನೆಲಗಡಿ. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹೆಚ್ಚು ಜನ ಎಡವುವುದು ಜೋರ್ಡನ್ ವೀಸಾದಲ್ಲಿ. ಅಮ್ಮಾನ್ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ವೀಸಾ ಪಡೆಯಬಹುದು, ಆದರೆ ಅಲೆನ್‌ಬಿ ಸೇತುವೆಯಲ್ಲಿ (ಜೋರ್ಡನ್ನಿನಿಂದ ಜೆರುಸಲೇಮಿನ ಕಡೆಗೆ ದಾಟುವ ಗಡಿ; ಜೋರ್ಡನ್ನಿನವರು ಕಿಂಗ್ ಹುಸೇನ್ ಸೇತುವೆ ಅನ್ನುತ್ತಾರೆ) ಆ ವ್ಯವಸ್ಥೆ ಇಲ್ಲ. ಇಸ್ರೇಲ್ ನೋಡಿ ಅದೇ ದಾರಿಯಲ್ಲಿ ಅಮ್ಮಾನಿಗೆ ಮರಳುವ ಯೋಜನೆಯಿದ್ದರೆ ಮರುಪ್ರವೇಶದ ವಿಷಯ ಊರಲ್ಲೇ ಖಚಿತ ಮಾಡಿಕೊಳ್ಳಿ. ಈಜಿಪ್ಟಿನ ವೀಸಾವನ್ನೂ ಇಸ್ರೇಲಿನಿಂದ ಅಲ್ಲಿಗೆ ದಾಟುವ ಟಾಬಾ ಗಡಿಯಲ್ಲಿ ಸಿಕ್ಕೀತು ಎಂದು ಬಿಡಬೇಡಿ.

ಇಸ್ರೇಲಿನವರು ಪಾಸ್‌ಪೋರ್ಟಿಗೆ ಮೊಹರು ಹಾಕುವುದಿಲ್ಲ, ಒಂದು ಸಣ್ಣ ಚೀಟಿ ಕೊಡುತ್ತಾರೆ. ಹೋಟೆಲಿನಲ್ಲಿ ಕೇಳುವುದೂ ಅದನ್ನೇ; ದೇಶ ಬಿಡುವವರೆಗೆ ಪಾಸ್‌ಪೋರ್ಟಿನೊಳಗೇ ಇರಲಿ. ಗಡಿಯಲ್ಲಿ ಎರಡು ಮೂರು ಗಂಟೆ ಹೋಗುವುದು ಮಾಮೂಲು. ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಹಾಕುತ್ತಾರೆ: ಯಾಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ, ಜೊತೆಗೆ ಯಾರು, ಈ ಪೆಟ್ಟಿಗೆ ತುಂಬಿದ್ದು ಯಾರು. ಇಂಗ್ಲಿಷ್ ಬಾರದ ಹಿರಿಯರಿಗೆ ಈ ನಾಲ್ಕು ಉತ್ತರ ಮೊದಲೇ ಹೇಳಿಕೊಡಿ, ಹೋಟೆಲ್ ಪಟ್ಟಿಯ ಒಂದು ಪ್ರತಿ ಕೈಲಿಡಿ. ಬೇರೆಯವರ ಪೊಟ್ಟಣ ಒಯ್ಯಬೇಡಿ, ಉಪ್ಪಿನಕಾಯಿಯದೇ ಆದರೂ.

ಬೆತ್ಲೆಹೇಮ್ ಪ್ಯಾಲೆಸ್ಟೀನಿಯನ್ ಆಡಳಿತದಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಗೈಡ್ ಬದಲಾಗುತ್ತಾರೆ, ಗಾಬರಿಯಾಗಬೇಡಿ. ಪಾಸ್‌ಪೋರ್ಟ್ ಮಾತ್ರ ಬಸ್ಸಿನಲ್ಲಿ ಬಿಡದೆ ಕೈಲಿರಲಿ, ವಾಪಸು ಬರುವಾಗ ಚೆಕ್‌ಪೋಸ್ಟಿನಲ್ಲಿ ತೋರಿಸಬೇಕು. ಜನನ ಚರ್ಚಿನ ಬಾಗಿಲು ಸುಮಾರು ನಾಲ್ಕಡಿ ಎತ್ತರದ್ದು, ಬೆನ್ನಿಗೆ ಬ್ಯಾಗು ಹಾಕಿಕೊಂಡು ಬಗ್ಗಿದರೆ ತಟ್ಟುತ್ತದೆ.

ಯುದ್ಧದ ವಿಷಯ. ವಿದೇಶಾಂಗ ಸಚಿವಾಲಯದ ಸೂಚನೆಯನ್ನು ಹಣ ಕಟ್ಟುವ ಮೊದಲೊಮ್ಮೆ, ಹೊರಡುವ ವಾರದಲ್ಲೊಮ್ಮೆ ಓದಿ. ಪ್ರಯಾಣ ವಿಮೆಯ ಎಷ್ಟೋ ಪಾಲಿಸಿಗಳು ಯುದ್ಧದಿಂದಾದ ನಷ್ಟವನ್ನು ಹೊರಗಿಡುತ್ತವೆ. ಆಕಾಶಮಾರ್ಗ ಮುಚ್ಚಿದರೆ ಯಾರು ಎಷ್ಟು ಹಿಂತಿರುಗಿಸುತ್ತಾರೆ ಎಂಬುದು ಬರಹದಲ್ಲಿ ಸಿಗದಿದ್ದರೆ ಆ ಪ್ಯಾಕೇಜ್ ಬೇಡ.

ಕನ್ನಡ ಬೈಬಲ್ ಹಿಡಿದು ಹೋಗುವವರಿಗೆ ಇನ್ನೊಂದು ತೊಡಕು: ಹೆಸರುಗಳು. ಗಲಿಲಾಯ ಸಮುದ್ರ ರಸ್ತೆ ಫಲಕದಲ್ಲಿ ‘ಕಿನ್ನೆರೆತ್’, ಕಪೆರ್ನೌಮ್ ‘ಕ್ಫಾರ್ ನಹುಮ್’, ಯೊಪ್ಪ ‘ಯಾಫೋ’, ಶೆಕೆಮ್ ಇಂದಿನ ನಾಬ್ಲುಸ್. ಲವಣಸಮುದ್ರವೇ ಮೃತ ಸಮುದ್ರ. ಆಯಾ ದಿನದ ಜಾಗಕ್ಕೆ ತಕ್ಕ ಅಧ್ಯಾಯದ ಜೊತೆ ಈ ಹೆಸರನ್ನೂ ಗುರುತು ಹಾಕಿಟ್ಟರೆ ಬಸ್ಸಿನಲ್ಲಿ ತಡಕಾಡಬೇಕಿಲ್ಲ. ಪ್ರವಾದಿ ಎಲೀಯನ ಕರ್ಮೆಲ್ ಬೆಟ್ಟಕ್ಕೆ ಹೋಗುವ ಗುಂಪಿನವರು ತಪ್ಪಲಿನ ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನಕ್ಕೂ ಅರ್ಧ ಗಂಟೆ ಕೇಳಿ ಪಡೆಯಬೇಕು. 1918ರ ಸೆಪ್ಟೆಂಬರ್ 23ರಂದು ಆ ಊರನ್ನು ಗೆದ್ದ ಕುದುರೆ ದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ನಮ್ಮವರ ಪಟ್ಟಿಯಲ್ಲೇ ಇದು ಇರುವುದಿಲ್ಲವಲ್ಲ!

ಲವಣಸಮುದ್ರದ್ದು ಬೇರೆಯೇ ಪಾಠ. ದಡವೇ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಕೆಳಗೆ. ನೀರಿನ ಉಪ್ಪು ಸಾಮಾನ್ಯ ಸಮುದ್ರದ ಸುಮಾರು ಹತ್ತು ಪಟ್ಟು. ಹಿಂದಿನ ದಿನ, ಅದೇ ದಿನ ಕ್ಷೌರ ಬೇಡ, ಸಣ್ಣ ಗೀರೂ ಉರಿಯುತ್ತದೆ. ಬೆಳ್ಳಿ ಕಪ್ಪಾಗುತ್ತದೆ, ಒಡವೆ ಬಿಚ್ಚಿಡಿ. ತಳದ ಉಪ್ಪಿನ ಹರಳು ಕಾಲು ಕೊಯ್ಯುತ್ತದೆ, ಚಪ್ಪಲಿ ಬೇಕು. ಮೊಣಕಾಲಷ್ಟು ನೀರಿಗೆ ಹೋಗಿ ಕುರ್ಚಿಯಲ್ಲಿ ಕೂತಂತೆ ಹಿಂದಕ್ಕೆ ಒರಗಿ, ನೀರೇ ಎತ್ತುತ್ತದೆ. ಬೋರಲು ಬೀಳಬಾರದು. ಕಾಲು ಮೇಲೆದ್ದು, ಮುಖ ನೀರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಈಜು ಬಲ್ಲವರೂ ಅಪಾಯಕ್ಕೆ ಬೀಳುವುದು ಹೀಗೆ. ಕಣ್ಣಿಗೆ ಹನಿ ಬಿದ್ದರೆ ಒದ್ದೆ ಕೈಯಲ್ಲಿ ಉಜ್ಜಬೇಡಿ, ದಡದಲ್ಲಿರುವವರ ಬಳಿ ಕುಡಿಯುವ ನೀರಿನ ಬಾಟಲಿ ಇಟ್ಟಿರಿ. ಹದಿನೈದು ನಿಮಿಷ ಸಾಕು.

ಊಟಕ್ಕೆ ತೊಂದರೆಯಿಲ್ಲ. ಹಮ್ಮುಸ್, ಫಲಾಫೆಲ್, ಸಲಾಡ್ ಎಲ್ಲೆಡೆ ಸಿಗುತ್ತವೆ, ಸಸ್ಯಾಹಾರಿಗಳೂ ನಿಶ್ಚಿಂತೆಯಿಂದ ಹೋಗಬಹುದು. ಗಲಿಲಾಯದ ದಡದ ‘ಪೇತ್ರನ ಮೀನು’ ನಮ್ಮ ಕೆರೆಗಳ ಜಿಲೇಬಿ ಮೀನಿನ ಬಳಗದ್ದೇ. ಯಹೂದ್ಯರ ಆಹಾರ ನಿಯಮ ಪಾಲಿಸುವ ಕೋಷರ್ ಹೋಟೆಲಿನಲ್ಲಿ ಮಾಂಸ ಬಡಿಸುವ ರಾತ್ರಿಯೂಟದ ಜೊತೆ ಹಾಲು ಕೊಡುವುದಿಲ್ಲ, ಚಹಾ ಬೇಕಾದವರು ಹಾಲಿನ ಪುಡಿಯನ್ನು ಕೋಣೆಯಲ್ಲಿ ಇಟ್ಟುಕೊಳ್ಳಿ. ಯಹೂದ್ಯರ ಪಸ್ಕ ಹಬ್ಬದ ವಾರ ಅಲ್ಲಿ ಬ್ರೆಡ್ಡೂ ಇರದು.

ಪಟ್ಟಿಯಲ್ಲಿ ಈಜಿಪ್ಟಿನ ಸಿನಾಯಿ ಬೆಟ್ಟವಿದ್ದರೆ ದಿನಗಳ ಲೆಕ್ಕವನ್ನು ಅಲ್ಲಿಂದ ಹಿಂದಕ್ಕೆ ಹಾಕಿ. ತಪ್ಪಲಿನ ಸಂತ ಕ್ಯಾಥರೀನ್ ಮಠ ಶುಕ್ರವಾರ, ಭಾನುವಾರ ಪ್ರವಾಸಿಗರಿಗೆ ತೆರೆಯುವುದಿಲ್ಲ. ಉಳಿದ ದಿನವೂ ಬೆಳಿಗ್ಗೆ ಕೆಲವೇ ಗಂಟೆ. ಶಿಖರ 2,285 ಮೀಟರ್. ಸೂರ್ಯೋದಯ ಬೇಕಾದರೆ ರಾತ್ರಿ ಒಂದೆರಡು ಗಂಟೆಗೆ ಅಲ್ಲಿನ ಬೆದುಯಿನ್ ಬುಡಕಟ್ಟಿನ ಗೈಡ್ ಜೊತೆ ಹೊರಡಬೇಕು. ಒಂಟೆ ಕೊನೆಯವರೆಗೆ ಹೋಗದು, ಕಡೆಯ 750 ಮೆಟ್ಟಿಲು ನಡೆದೇ ಹತ್ತಬೇಕು. ಚಳಿಗಾಲದ ರಾತ್ರಿ ಅಲ್ಲಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಸ್ವೆಟರ್, ಟೊಪ್ಪಿ, ಕೈಗವಸು, ಟಾರ್ಚು ಬೇಕೇ ಬೇಕು. ಇಳಿಯಲು 3,750 ಮೆಟ್ಟಿಲುಗಳ ಹಳೆಯ ದಾರಿಯೂ ಇದೆ. ಚೆಂದದ ದಾರಿ, ಆದರೆ ಮಂಡಿ ಗಟ್ಟಿಯಿಲ್ಲದವರು ಒಂಟೆ ದಾರಿಯಲ್ಲೇ ಮರಳಿ.