ಮಿಯೂ ಮಿನಿ ಪ್ಲಸ್, ಆರನೇ ವಾರ: ಜಲಪಾತ ದಾಟಿದೆ

ಹಳೆಯ ವಿಡಿಯೋ ಗೇಮ್‌ಗಳನ್ನು ಆಡಲೆಂದೇ ಇರುವ, ಜೇಬಿನಲ್ಲಿ ಹಿಡಿಸುವ ಪುಟ್ಟ ಯಂತ್ರ ಮಿಯೂ ಮಿನಿ ಪ್ಲಸ್ ಕೈಗೆ ಬಂದು ಆರು ವಾರವಾಯಿತು. ತರಿಸಿದ್ದು ಒಂದೇ ಆಸೆಗೆ. ಚಿಕ್ಕಂದಿನಲ್ಲಿ ಬೇಸಿಗೆ ರಜೆ ಪೂರ್ತಿ ಅಣ್ಣನ ಜೊತೆ ಕೂತು ಆಡಿಯೂ ಮುಗಿಸಲಾಗದ ಕಾಂಟ್ರಾ ಎಂಬ ಗುಂಡು ಹಾರಿಸುವ ಆಟವನ್ನು ಈಗಲಾದರೂ ಮುಗಿಸಬೇಕು, ಅದೂ ಮೂವತ್ತು ಜೀವದ ಕೋಡ್ ಹಾಕದೆ. ಆಗೆಲ್ಲ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತದೆ ನಾವು ಆಟ ಶುರು ಮಾಡಿದ್ದೇ ಇಲ್ಲ.

ಮೊದಲ ವಾರ ಆಟವೇ ಆಡಲಿಲ್ಲ. ಜೊತೆಗೆ ಬಂದ ಮೆಮೊರಿ ಕಾರ್ಡ್ ಎರಡನೇ ದಿನಕ್ಕೇ ಕೈಕೊಟ್ಟಿತು. ಹೊಸ 64 ಜಿಬಿ ಕಾರ್ಡ್ ತಂದು, ಹವ್ಯಾಸಿಗಳೇ ಸೇರಿ ಕಟ್ಟಿರುವ, ಈ ಯಂತ್ರವನ್ನು ನಡೆಸುವ ತಂತ್ರಾಂಶ ಒನಿಯನ್ ಓಎಸ್ ಹಾಕಿದೆ. ಆನ್ ಆಗಲಿಲ್ಲ. ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: 64 ಜಿಬಿ ಕಾರ್ಡುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಆಗಿ ಬರುತ್ತವೆ, ಇದಕ್ಕೆ ಬೇಕಾದ್ದು ಫ್ಯಾಟ್32 (ಎರಡೂ ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ಬಗೆಗಳು). ರೂಫಸ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಮತ್ತೆ ಫಾರ್ಮ್ಯಾಟ್ ಮಾಡಿದ ಕೂಡಲೇ ಎಲ್ಲ ಸರಿಹೋಯಿತು. ಹೊಸದಾಗಿ ತಗೊಳ್ಳುವವರು ಮೊದಲು ಒಳ್ಳೆಯ ಕಾರ್ಡಿಗೆ ದುಡ್ಡು ತೆಗೆದಿಡಿ. ಹಳೆಯ ಕಾರ್ಡಿನಲ್ಲಿ ಸಾವಿರಾರು ಆಟ ತುಂಬಿಸಿದ್ದರು. ಅವಕ್ಕೆ ಹಕ್ಕುದಾರರ ಒಪ್ಪಿಗೆ ಇರುವುದು ಅನುಮಾನ. ಅದಿರಲಿ, ಅಷ್ಟು ಆಟ ಎದುರಿಗಿದ್ದರೆ ಒಂದನ್ನೂ ಹತ್ತು ನಿಮಿಷ ಆಡುವುದಿಲ್ಲ. ನನ್ನ ಹೊಸ ಕಾರ್ಡಿನಲ್ಲಿ ಈಗ ಹನ್ನೆರಡೇ ಇವೆ.

ನನಗೆ ತುಂಬಾ ಹಿಡಿಸಿದ್ದು ಪರದೆ. 3.5 ಇಂಚು, 640×480 ಪಿಕ್ಸೆಲ್. ಈ ಲೆಕ್ಕದಲ್ಲೇ ಸೊಗಸಿದೆ. ಕಾಂಟ್ರಾ ಆಡುತ್ತಿದ್ದ ಹಳೆಯ ಗೇಮ್ ಯಂತ್ರ ನಿಂಟೆಂಡೊ ಎನ್‌ಇಎಸ್‌ನ ಚಿತ್ರ 256×240. ಅದನ್ನು ಸರಿಯಾಗಿ ಎರಡರಿಂದ ಗುಣಿಸಿದರೆ 512×480, ಮೇಲಿಂದ ಕೆಳಗಿನವರೆಗೆ ಭರ್ತಿ. ಪ್ಲೇಸ್ಟೇಷನ್‌ನ ಎಷ್ಟೋ ಆಟಗಳು 320×240ರವು, ಎರಡರಷ್ಟು ಮಾಡಿದರೆ ಇಡೀ ಪರದೆ ತುಂಬುತ್ತದೆ. ಹಳೆಯ ಒಂದು ಚುಕ್ಕಿ ಇಲ್ಲಿ ನಾಲ್ಕು ಚುಕ್ಕಿಯ ಚೌಕ, ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಚೂಪು. ಟಿವಿಯಲ್ಲಿ ಕಂಡದ್ದಕ್ಕಿಂತ ಕಾಂಟ್ರಾದ ಸೈನಿಕ ಸ್ವಲ್ಪ ಸಪೂರ ಕಾಣುತ್ತಾನೆ, ಆದರೂ ನನಗೆ ಇದೇ ಇಷ್ಟ. ನಿಂಟೆಂಡೊದ್ದೇ ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಮಾತ್ರ ಈ ಲೆಕ್ಕ ಕೂಡಿಬರುವುದಿಲ್ಲ. ಅದರದ್ದು 240×160. ಎರಡರಷ್ಟು ಮಾಡಿದರೆ ಸುತ್ತಲೂ ಕಪ್ಪು ಪಟ್ಟಿ. ಅಗಲಕ್ಕೆ ಎಳೆದರೆ 2.67 ಪಟ್ಟು, ಅಂದರೆ ಕೆಲವು ಚುಕ್ಕಿ ಎರಡರಷ್ಟು ಅಗಲ, ಕೆಲವು ಮೂರರಷ್ಟು. ಹಿನ್ನೆಲೆ ಸರಿಯುವಾಗ ನೀರಿನ ಮೇಲಿನ ಬಿಸಿಲಿನಂತೆ ಮಿಣಮಿಣ ಎನ್ನುತ್ತದೆ.

ಮೂರನೇ ವಾರ ಮೈಸೂರು–ಬೆಂಗಳೂರು ರೈಲಿನಲ್ಲಿ ಒನಿಯನ್‌ನ ನಿಜವಾದ ಗುಣ ಕಂಡೆ. ಕೆಂಗೇರಿ ಬಂತು, ಪವರ್ ಬಟನ್ ಒತ್ತಿದೆ, ಜೇಬಿಗೆ ಹಾಕಿದೆ. ರಾತ್ರಿ ಆನ್ ಮಾಡಿದರೆ ಜಿಗಿಯುತ್ತಿದ್ದ ಸೈನಿಕ ಅದೇ ಗಾಳಿಯಲ್ಲೇ ಇದ್ದ. ಎನ್‌ಇಎಸ್ ಕಾಂಟ್ರಾದಲ್ಲಿ ಸೇವ್ ಮಾಡುವ ಏರ್ಪಾಡೇ ಇಲ್ಲ. ಕರೆಂಟ್ ಹೋದರೆ ಮೊದಲಿಂದ. ಅದಕ್ಕೇ ನನಗೊಂದು ನಿಯಮ ಹಾಕಿಕೊಂಡಿದ್ದೇನೆ: ಆಫ್ ಮಾಡುವಾಗಿನ ಸೇವ್ ಸರಿ, ಸತ್ತ ಮೇಲೆ ಹಿಂದಕ್ಕೆ ಹೋಗುವುದು ಬೇಡ.

ಕೊರತೆಗಳೂ ಇವೆ. ಬೇಕಾದಷ್ಟೇ ವಾಲಿಸಿ ತಿರುಗಿಸುವ ಅನಲಾಗ್ ಸ್ಟಿಕ್ ಇಲ್ಲ, ಹಾಗಾಗಿ ಪ್ಲೇಸ್ಟೇಷನ್ನಿನ ಮೂರು ಆಯಾಮದ ಆಟಗಳಲ್ಲಿ ಕಾರು ತಿರುಗಿಸುವುದು ಒರಟು ಕೆಲಸ. ಎರಡು ಕೋರ್‌ಗಳ ಕಾರ್ಟೆಕ್ಸ್ ಎ7 ಪ್ರೊಸೆಸರ್, 128 ಎಂಬಿ ರ‍್ಯಾಮ್; ಹೆಚ್ಚು ಶಕ್ತಿ ಬೇಡುವ ನಿಂಟೆಂಡೊ 64 ಯಂತ್ರದ ಆಟ ಆಡುವ ಆಸೆ ಇದ್ದವರಿಗೆ ಇದು ಬೇಡ. ಹಿಂದಿನ ನಾಲ್ಕು ಬಟನ್‌ಗಳು ಅಕ್ಕಪಕ್ಕ ಒತ್ತಾಗಿ ಇವೆ. ನನ್ನದು ದೊಡ್ಡ ಕೈ, ಮುಕ್ಕಾಲು ಗಂಟೆಗೆ ಕಿರುಬೆರಳು ಜೋಮು ಹಿಡಿಯುತ್ತದೆ. 3000 ಎಂಎಎಚ್ ಬ್ಯಾಟರಿ ನನಗೆ ಐದು ಗಂಟೆ ಬರುತ್ತಿದೆ, ಹಿಂದಿನ ಮುಚ್ಚಳ ತೆಗೆದರೆ ನಾವೇ ಬದಲಿಸಬಹುದು. ಫೋನಿನ ಫಾಸ್ಟ್ ಚಾರ್ಜರ್ ಹಾಕದೆ ಹಳೆಯ 5 ವೋಲ್ಟ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡುತ್ತಿದ್ದೇನೆ.

ಇವೆಲ್ಲ ಸಣ್ಣವು. ದೊಡ್ಡ ಕೊರತೆ ಗೊತ್ತಾದದ್ದು ಜಲಪಾತದ ಹತ್ತಿರ. ಕಾಂಟ್ರಾದ ಮೂರನೇ ಹಂತದಲ್ಲಿ ಬಂಡೆಯಿಂದ ಬಂಡೆಗೆ ಮೇಲಕ್ಕೆ ಹಾರುತ್ತ ಹೋಗಬೇಕು. ಒಬ್ಬ ಅವಸರದಿಂದ ಹತ್ತಿದರೆ ಪರದೆಯೂ ಮೇಲೆ ಸರಿದು, ಕೆಳಗೆ ಉಳಿದವನು ಸಾಯುತ್ತಾನೆ. ಅಣ್ಣ ಪ್ರತಿ ಸಲ ನನಗಾಗಿ ನಿಲ್ಲುತ್ತಿದ್ದ. "ಬಾರೋ, ಬಂದ್ಯಾ? ಈಗ ಹಾರು" ಅನ್ನುತ್ತಿದ್ದ. ಮೊನ್ನೆ ಒಬ್ಬನೇ ಹತ್ತಿದೆ, ಒಂದು ಜೀವವೂ ಹೋಗಲಿಲ್ಲ. ದಾಟಿದ ಮೇಲೆ ಪಕ್ಕಕ್ಕೆ ನೋಡಿದೆ.

ಇದರಲ್ಲಿ ಟಿವಿಗೆ ಜೋಡಿಸಲು ಎಚ್‌ಡಿಎಂಐ ಇಲ್ಲ. ಇಬ್ಬರು ಒಂದೇ ಪರದೆ ನೋಡುತ್ತ ಪಕ್ಕಪಕ್ಕ ಕೂತು ಆಡಲು ಇದು ಆಗುವುದಿಲ್ಲ. ಅಣ್ಣನಿಗೆ ಫೋನಿನಲ್ಲಿ ಹೇಳಿದಾಗ ಅವನು ಕೇಳಿದ್ದು ಒಂದೇ: "ಆ ಬಾತುಕೋಳಿ ಹೊಡೆಯೋ ಗನ್ ಗೇಮ್ ಬರುತ್ತೇನೋ?" ಬರುವುದಿಲ್ಲ ಅಂದೆ. ಟ್ರಿಗರ್ ಒತ್ತಿದೊಡನೆ ಪರದೆ ಕ್ಷಣಕಾಲ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತಿತ್ತು, ಗನ್ ಆ ಬೆಳಕನ್ನು ಹುಡುಕುತ್ತಿತ್ತು. ಅದೆಲ್ಲ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ ಲೆಕ್ಕಾಚಾರ. "ಹಾಗಾದ್ರೆ ಕಾಂಟ್ರಾನೇ ಆಡೋಣ ಬಿಡು" ಅಂದ.

ಅವನಿಗೂ ಒಂದು ತರಿಸಿದ್ದೇನೆ. ವೈ-ಫೈ ಮೂಲಕ ಎರಡನ್ನು ಜೋಡಿಸುವ ನೆಟ್‌ಪ್ಲೇ ಒನಿಯನ್‌ನಲ್ಲೇ ಇದೆ. ಎರಡರಲ್ಲೂ ಒಂದೇ ಕೋರ್ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ), ಒಂದೇ ಆಟದ ಫೈಲ್ ಇರಬೇಕು. ನಾನೀಗ ಏಳನೇ ಹಂತದಲ್ಲಿದ್ದೇನೆ, ಜೀವ ಎರಡು ಉಳಿದಿವೆ, ಅಲ್ಲೇ ಆಫ್ ಮಾಡಿಟ್ಟಿದ್ದೇನೆ. ಈ ಭಾನುವಾರ ಅವನ ಕಾರ್ಡನ್ನು ಫ್ಯಾಟ್32 ಮಾಡಬೇಕು.